ಶನಿವಾರದ ವಿಮಾನ ಕಾರ್ಖಾನೆ

ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಮತ್ತು ಬೆಂಗಳೂರಿನಲ್ಲಿ ವಿಮಾನ ತಯಾರಿಕೆಯ ಕೆಲಸ ಮಾಡಿ ನಿವೃತ್ತರಾದ ಆಕೆಯ ದೊಡ್ಡಪ್ಪನ ನಡುವಿನ ಮಾತುಕತೆ.

ಟೀಚರ್: ದೊಡ್ಡಪ್ಪ, ನಮ್ಮ ಸ್ಕೂಲಲ್ಲಿ ಶನಿವಾರ ಮಧ್ಯಾಹ್ನ ವಿಮಾನ ಕಟ್ಟೋ ತರಗತಿ ಶುರು ಮಾಡಬೇಕು ಅಂತಿದೀನಿ. ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ. ಹಳೆಯ ವಿದ್ಯಾರ್ಥಿಗಳು ಸ್ವಲ್ಪ ದುಡ್ಡು ಕೊಡ್ತೀವಿ ಅಂದಿದಾರೆ. ಒಂದು ಸಂಸ್ಥೆಯವರು ಡ್ರೋನ್ ಕಿಟ್ ತಂದು ಎರಡು ದಿನ ಕಾರ್ಯಾಗಾರ ನಡೆಸಿ ಎಲ್ಲರಿಗೂ ಸರ್ಟಿಫಿಕೇಟ್ ಕೊಡ್ತಾರಂತೆ. ಒಪ್ಪಿಕೊಳ್ಳಲಾ?

ದೊಡ್ಡಪ್ಪ: ಆ ಎರಡು ದಿನದಲ್ಲಿ ಮಕ್ಕಳ ಕೈಗೆ ಏನು ಕೆಲಸ?

ಟೀಚರ್: ನಾಲ್ಕು ಮೋಟಾರ್ ಕೂರಿಸೋದು, ವೈರ್ ಜೋಡಿಸೋದು, ಹಾರಿಸೋದು.

ದೊಡ್ಡಪ್ಪ: ಡ್ರೋನ್ ಒಳ್ಳೆಯ ಯಂತ್ರಾನೇ. ಮುಂದೆ ಯಾವತ್ತಾದ್ರೂ ಕಲಿಸು. ಆದರೆ ಮೊದಲ ಪಾಠಕ್ಕೆ ಬೇಡಮ್ಮ. ಅದರೊಳಗಿನ ಬೋರ್ಡು ಒಂದು ಸೆಕೆಂಡಿಗೆ ನೂರಾರು ಸಲ ವಾಲಿಕೆ ಅಳೆದು ನಾಲ್ಕೂ ಮೋಟಾರುಗಳ ವೇಗ ತಿದ್ದುತ್ತಾ ಇರುತ್ತೆ. ಹುಡುಗ ಒಂದು ತೋಳನ್ನ ಸೊಟ್ಟಗೆ ಕೂರಿಸಿರಲಿ, ಬ್ಯಾಟರಿ ಒಂದು ಪಕ್ಕಕ್ಕೆ ಜರುಗಿರಲಿ, ಬೋರ್ಡು ಅದನ್ನ ಹೇಗೋ ಸರಿದೂಗಿಸಿ ಮೇಲಕ್ಕೆತ್ತಿಬಿಡುತ್ತೆ. ತಾನು ಕಟ್ಟಿದ್ದರಲ್ಲಿ ತಪ್ಪಿತ್ತು ಅನ್ನೋದೇ ಆ ಹುಡುಗನಿಗೆ ಗೊತ್ತಾಗಲ್ಲ. ಕೈಯಲ್ಲಿ ಎಸೆಯೋ ಗ್ಲೈಡರ್ ಹಾಗಲ್ಲ. ಒಂದು ರೆಕ್ಕೆ ಒಂದು ನೂಲಿನಷ್ಟು ತಿರುಚಿದ್ರೂ ಹಾದಿ ಬಿಟ್ಟು ಪಕ್ಕಕ್ಕೆ ಹೋಗಿ ಬೀಳುತ್ತೆ. ಎಲ್ಲರ ಕಣ್ಣೆದುರಿಗೇ ಬೀಳುತ್ತೆ. ಕಟ್ಟಿದವರೇ ಹೋಗಿ ಎತ್ತಿಕೊಂಡು, ತಿರುಗಿಸಿ ನೋಡಿ, ಯಾಕೆ ಅಂತ ಕಂಡುಹಿಡಿಯಬೇಕು. ವಿಮಾನದ ಎಂಜಿನಿಯರಿಂಗ್ ಅಲ್ಲಿಂದ ಶುರುವಾಗಬೇಕು.

ಟೀಚರ್: ಗ್ಲೈಡರ್ ಅಂದ್ರೆ ಮಕ್ಕಳು ಆಟದ ಸಾಮಾನು ಅಂದುಕೊಳ್ಳಲ್ವಾ? ನಮ್ಮೂರ ಹತ್ತಿರ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತಲ್ಲ, ಆಗಿನಿಂದ ಮಕ್ಕಳ ಬಾಯಲ್ಲಿ ಅದೇ ಮಾತು. ಅವರಿಗೆ ದೊಡ್ಡದೇ ಬೇಕು.

ದೊಡ್ಡಪ್ಪ: ದೊಡ್ಡದಕ್ಕೆ ದಾರಿ ಇದೇ ಅಂತ ಹೇಳು. 1871ರಲ್ಲಿ ಪ್ಯಾರಿಸ್ಸಿನ ಒಂದು ತೋಟದಲ್ಲಿ ಆಲ್ಫೋನ್ಸ್ ಪೆನೋ ಅನ್ನೋ 21 ವರ್ಷದ ಯುವಕ ಒಂದು ಪುಟ್ಟ ಮಾದರಿ ವಿಮಾನ ಹಾರಿಸಿದ. ಹುರಿ ಹಾಕಿದ ರಬ್ಬರೇ ಅದರ ಎಂಜಿನ್. 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹೋಯ್ತು. ಆತ ಬಾಲವನ್ನ ರೆಕ್ಕೆಗಿಂತ ಕಡಿಮೆ ಕೋನದಲ್ಲಿ ಕೂರಿಸಿದ್ದ. ಅದಕ್ಕೇ ಯಾರೂ ಹಿಡಿದು ನಡೆಸದೇ ಇದ್ದರೂ ಮಾದರಿ ತನ್ನಷ್ಟಕ್ಕೆ ತಾನು ನೆಟ್ಟಗೆ ಹೋಯ್ತು. ಇವತ್ತು ನೀನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗೋ ವಿಮಾನದ ಬಾಲದಲ್ಲೂ ಅದೇ ಲೆಕ್ಕ ಇದೆ. ಪೆನೋ ಮಾಡಿದ್ದ ಇನ್ನೊಂದು ಬಗೆಯ ಆಟಿಕೆ, ರಬ್ಬರಿನಿಂದ ಮೇಲಕ್ಕೆ ಹಾರೋದು, 1878ರಲ್ಲಿ ಅಮೆರಿಕದ ಒಂದು ಮನೆಗೆ ಬಂತು. ಊರಿಂದ ಬಂದ ಅಪ್ಪ ಮಕ್ಕಳಿಗೆ ತಂದುಕೊಟ್ಟಿದ್ದು. ಆ ಮಕ್ಕಳು ವಿಲ್ಬರ್ ರೈಟ್, ಆರ್ವಿಲ್ ರೈಟ್.

ಟೀಚರ್: ಇದನ್ನ ಹೇಳಿದ್ರೆ ನಮ್ಮ ಮಕ್ಕಳು ಕಣ್ಣರಳಿಸಿ ಕೇಳ್ತಾರೆ. ಸರಿ, ಮೊದಲ ಶನಿವಾರ ಏನು ಮಾಡಿಸಲಿ?

ದೊಡ್ಡಪ್ಪ: ಬರೆದುಕೋ. ರೆಕ್ಕೆಗೆ ತೆಳು ಫೋಮ್ ಶೀಟ್. ಒಂದು ತುದಿಯಿಂದ ಇನ್ನೊಂದು ತುದಿಗೆ 40 ಸೆಂಟಿಮೀಟರ್, ಅಗಲ 8. ನಡುವೆ ಸೀಳಿ, ಎರಡೂ ತುದಿ ಮೂರು ಸೆಂಟಿಮೀಟರ್ ಮೇಲಕ್ಕೆ ಎದ್ದಿರೋ ಹಾಗೆ ಅಂಟಿಸಬೇಕು. ಹಾಗೆ ಎದ್ದಿದ್ರೆ ವಾಲಿದ ರೆಕ್ಕೆ ತಾನಾಗೇ ಸಮಕ್ಕೆ ಬರುತ್ತೆ. ಮಲಗಿರೋ ಬಾಲಕ್ಕೆ 16 ಸೆಂಟಿಮೀಟರ್ ಉದ್ದ, 4 ಅಗಲ. ಅಂದ್ರೆ ರೆಕ್ಕೆಯ ವಿಸ್ತೀರ್ಣದ ಐದನೇ ಒಂದು ಭಾಗ. ನಿಂತಿರೋ ಬಾಲ ಅದರ ಅರ್ಧ. ಒಡಲಿಗೆ ನೆಟ್ಟಗಿರೋ ಬಿದಿರಿನ ಸೀಳು. ಬಾಲ್ಸಾ ಮರ ಬೇಡ, ಅದು ಇಲ್ಲಿ ಬೆಳೆಯೋದಲ್ಲ, ದುಬಾರಿ. ಎಲೆಕ್ಷನ್ ಮುಗಿದ ಮೇಲೆ ಬೀದಿಯಲ್ಲಿ ಬಿದ್ದಿರುತ್ತಲ್ಲ ಸನ್‌ಪ್ಯಾಕ್ ಶೀಟು, ಅದೂ ನಡೆಯುತ್ತೆ. ಆದರೆ ಅದು ಭಾರ. ಎರಡರಲ್ಲೂ ಒಂದೊಂದು ಕಟ್ಟಿಸಿ ಹೋಲಿಸಿ ನೋಡಿಸು. ಅಂಟಿಗೆ ಫೆವಿಕಾಲ್. ಫೋಮ್ ಥರ್ಮೋಕೋಲಿನದ್ದಾದ್ರೆ ಫೆವಿಕ್ವಿಕ್ ಹಾಕಿದಾಗ ಕರಗಿ ಗುಳಿ ಬೀಳುತ್ತೆ. ಫೆವಿಕಾಲ್ ಒಣಗೋಕೆ ಹೊತ್ತು ಹಿಡಿಯುತ್ತೆ ಅಂತ ಮಕ್ಕಳು ಗೊಣಗ್ತಾರೆ. ಗೊಣಗಲಿ. ಒಣಗೋವರೆಗೆ ಕಾಯೋದೂ ಈ ಕೆಲಸದ ಒಂದು ಭಾಗ.

ಟೀಚರ್: ಆಮೇಲೆ ಎಸೆಯೋದು.

ದೊಡ್ಡಪ್ಪ: ಇಲ್ಲ, ಆಮೇಲೆ ತೂಗೋದು. ರೆಕ್ಕೆಯ ಮುಂದಿನ ಅಂಚಿನಿಂದ 2.4 ಸೆಂಟಿಮೀಟರ್ ಹಿಂದೆ, ಅಂದ್ರೆ ಅಗಲದ ಶೇಕಡಾ 30ರ ಜಾಗದಲ್ಲಿ, ಎರಡೂ ಕಡೆ ಪೆನ್ನಿನಿಂದ ಗುರುತು ಹಾಕಿಸು. ಎರಡು ಬೆರಳ ತುದಿ ಆ ಗುರುತಿನ ಕೆಳಗಿಟ್ಟು ಎತ್ತಬೇಕು. ಮೂತಿ ಮೇಲೆದ್ರೆ ಮೂತಿಗೆ ಜೇಡಿಮಣ್ಣು ಮೆತ್ತು. ಬಾಲ ಎದ್ರೆ ಮಣ್ಣು ಕಿತ್ತು ತೆಗಿ. ಸಮವಾಗಿ ನಿಲ್ಲೋವರೆಗೂ ಎಸೆಯೋ ಮಾತಿಲ್ಲ. ದೊಡ್ಡ ವಿಮಾನಕ್ಕೂ ಇದೇ ಕಟ್ಟುಪಾಡು. ತೂಕ ಎಷ್ಟು, ಅದರ ಕೇಂದ್ರ ಎಲ್ಲಿದೆ ಅಂತ ಕಾಗದದ ಮೇಲೆ ಬಾರದೆ ಯಾವ ವಿಮಾನವೂ ನೆಲ ಬಿಡಲ್ಲ. ವಿಮಾನದಲ್ಲಿ ಸೀಟು ಖಾಲಿ ಇದ್ರೂ ಕೆಲವು ಸಲ ಜನರನ್ನ ಹಿಂದಿನ ಸಾಲಿಗೋ ಮುಂದಿನ ಸಾಲಿಗೋ ಕೂರಿಸ್ತಾರಲ್ಲ, ಅದು ಈ ಲೆಕ್ಕಕ್ಕೇ.

ಟೀಚರ್: ಎಸೆಯೋದು ಹೇಗೆ? ಮಕ್ಕಳು ಕ್ರಿಕೆಟ್ ಬಾಲ್ ಎಸೆದ ಹಾಗೆ ಎಸೀತಾರೆ.

ದೊಡ್ಡಪ್ಪ: ಅದನ್ನ ನಿಧಾನಕ್ಕೆ ಬಿಡಿಸಬೇಕು. ಭುಜದ ಎತ್ತರದಲ್ಲಿ ಹಿಡಿದು, ಮೂತಿ ಒಂಚೂರು ಕೆಳಕ್ಕೆ ಮಾಡಿ, ಮುಂದಕ್ಕೆ ತಳ್ಳಿ ಬಿಟ್ಟುಬಿಡೋದು. ಗಾಳಿ ಇಲ್ಲದ ಹೊತ್ತು ನೋಡಿಕೋ, ಎಸೆಯೋ ದಿನ ಮಾತ್ರ ಮಧ್ಯಾಹ್ನದ ಬದಲು ಬೆಳಗ್ಗೆ ಬೇಗ ಸೇರಿದ್ರೆ ಒಳ್ಳೇದು. ಎಸೆದಾಗ ಏನಾಗುತ್ತೆ ಅಂತ ಗಮನಿಸು. ಮೂತಿ ಎತ್ತಿಕೊಂಡು ಹೋಗುತ್ತೆ, ಒಂದು ಕ್ಷಣ ಗಾಳಿಯಲ್ಲೇ ನಿಂತ ಹಾಗಾಗುತ್ತೆ, ಆಮೇಲೆ ಮೂತಿ ಕೆಳಗಾಗಿ ಧೊಪ್ಪನೆ ಬೀಳುತ್ತೆ. ಅದು ಸ್ಟಾಲ್. ಅದನ್ನ ಕಂಡ ತಕ್ಷಣ ಎಲ್ಲರೂ ಒಟ್ಟಿಗೆ ಸಲಹೆ ಕೊಡ್ತಾರೆ. ಮಣ್ಣು ಹಾಕು, ಬಾಲ ಬಗ್ಗಿಸು, ರೆಕ್ಕೆ ಹಿಂದಕ್ಕೆ ತಳ್ಳು. ಇಲ್ಲಿ ಮಾತ್ರ ನೀನು ಬಿಗಿಯಾಗಿರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನ ಮೊದಲು ಪುಸ್ತಕದಲ್ಲಿ ಬರೀಬೇಕು, ಆಮೇಲೆ ಎಸೀಬೇಕು, ಹೋದ ದೂರ ಟೇಪಿನಿಂದ ಅಳೆದು ಬರೀಬೇಕು. ಎರಡು ಬದಲಾವಣೆ ಒಟ್ಟಿಗೆ ಮಾಡಿ ಚೆನ್ನಾಗಿ ಹಾರಿದ್ರೂ ಆ ಎಸೆತವನ್ನ ಲೆಕ್ಕಕ್ಕೆ ಹಿಡೀಬೇಡ. ಯಾವುದರಿಂದ ಹಾರಿತು ಅಂತ ಯಾರಿಗೂ ಗೊತ್ತಿಲ್ಲವಲ್ಲ.

ಟೀಚರ್: ಅಷ್ಟು ಕಟ್ಟುನಿಟ್ಟು ಮಾಡಿದ್ರೆ ಉತ್ಸಾಹ ಇಳಿಯಲ್ವಾ?

ದೊಡ್ಡಪ್ಪ: ನಾನು ಕಂಡ ಮಟ್ಟಿಗೆ ಏರುತ್ತೆ. ನಮ್ಮ ಬಡಾವಣೆಯ ಮಕ್ಕಳ ಜೊತೆ ನಾನು ಇದನ್ನ ಮಾಡ್ತಾ ಬಂದಿದೀನಿ. ಒಬ್ಬಳು ಹುಡುಗಿ, ಮಾತೇ ಕಡಿಮೆ. ಅವಳ ಗ್ಲೈಡರ್ ಪ್ರತಿ ಸಲ ಬಲಕ್ಕೆ ತಿರುಗಿ ಗೋಡೆಗೆ ಬಡೀತಿತ್ತು. ಬಾಲ ಬಗ್ಗಿಸಿ ನೋಡಿದಳು, ಮಣ್ಣು ಹೆಚ್ಚು ಕಡಿಮೆ ಮಾಡಿ ನೋಡಿದಳು. ಕೊನೆಗೆ ನೆಲದ ಮೇಲೆ ಹೊಟ್ಟೆ ಮೇಲೆ ಮಲಗಿ, ಗ್ಲೈಡರನ್ನ ಎದುರಿಗಿಟ್ಟು, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿದಳು. ಬಲರೆಕ್ಕೆಯ ಹಿಂದಿನ ಅಂಚು ತುದಿಯಲ್ಲಿ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಬಾಯಿಂದ ಬಿಸಿ ಗಾಳಿ ಊದಿ ಊದಿ ಬೆರಳಿನಿಂದ ತಿದ್ದಿದಳು. ಮುಂದಿನ ಎಸೆತ ಅಂಗಳದ ಆ ಕೊನೆ ಮುಟ್ಟಿತು. ಹಿಂದಿನಿಂದ ಕಣ್ಣು ಹಾಯಿಸಿ ನೋಡೋದನ್ನ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹ್ಯಾಂಗರಿನಲ್ಲಿ ನಮಗೆ ಹಿರಿಯರು ಹೇಳಿಕೊಟ್ಟಿದ್ದು ಅದನ್ನೇ.

ಟೀಚರ್: ಆದರೆ ದೊಡ್ಡಪ್ಪ, ರೆಕ್ಕೆ ಯಾಕೆ ಎತ್ತುತ್ತೆ ಅಂತ ಕೇಳೇ ಕೇಳ್ತಾರೆ. ನಾನು ಓದಿದ್ದು ಹೀಗೆ: ಮೇಲುಮೈ ಉಬ್ಬಾಗಿರೋದರಿಂದ ಅಲ್ಲಿ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆಗೇ ಹಿಂದಿನ ಅಂಚು ಸೇರಬೇಕಾದ್ದರಿಂದ ಅದು ಜೋರಾಗಿ ಓಡುತ್ತೆ, ಅದರಿಂದ ಒತ್ತಡ ಕಡಿಮೆ ಆಗುತ್ತೆ.

ದೊಡ್ಡಪ್ಪ: ಒಟ್ಟಿಗೇ ಸೇರಬೇಕು ಅನ್ನೋ ಮಾತನ್ನ ಅಳಿಸಿಬಿಡು. ಗಾಳಿಗೆ ಹಾಗೆ ಸೇರಬೇಕಾದ ಹಂಗೇನೂ ಇಲ್ಲ. ಅಳತೆ ಮಾಡಿ ನೋಡಿದ್ರೆ ಮೇಲಿನ ಗಾಳಿ ಕೆಳಗಿನದ್ದಕ್ಕಿಂತ ಮೊದಲೇ ಹಿಂದಿನ ಅಂಚು ದಾಟಿರುತ್ತೆ. ಮೇಲೆ ವೇಗ ಹೆಚ್ಚು, ಒತ್ತಡ ಕಡಿಮೆ ಅನ್ನೋದು ನಿಜ. ಅದಕ್ಕೆ ಕೊಟ್ಟ ಕಾರಣ ಸುಳ್ಳು. ನಿನ್ನ ಮಕ್ಕಳ ಗ್ಲೈಡರಿನ ರೆಕ್ಕೆ ಚಪ್ಪಟೆ ಹಲಗೆ, ಉಬ್ಬೇ ಇಲ್ಲ. ಆದರೂ ಹಾರುತ್ತಲ್ಲ? ಒಂಬತ್ತನೇ ಕ್ಲಾಸಿನಲ್ಲಿ ನ್ಯೂಟನ್ನನ ಮೂರನೇ ನಿಯಮ ಕಲಿಸ್ತೀಯಲ್ಲ, ಅಲ್ಲಿಂದ ಹೊರಡು. ರೆಕ್ಕೆ ತನ್ನ ಮೇಲೆ ಕೆಳಗೆ ಹಾದುಹೋಗೋ ಗಾಳಿಯನ್ನ ಕೆಳಮುಖವಾಗಿ ತಿರುಗಿಸುತ್ತೆ. ಕೆಳಕ್ಕೆ ತಳ್ಳಿಸಿಕೊಂಡ ಗಾಳಿ ರೆಕ್ಕೆಯನ್ನ ಮೇಲಕ್ಕೆ ತಳ್ಳುತ್ತೆ. ಆ ತಳ್ಳುವಿಕೆ ರೆಕ್ಕೆಯ ಮೈಗೆ ಮುಟ್ಟೋದು ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸವಾಗಿ. ಎರಡೂ ಒಂದೇ ಸಂಗತಿ, ಜಗಳ ಬೇಡ.

ಟೀಚರ್: ಇದನ್ನ ತೋರಿಸೋದಕ್ಕೆ ಆಗುತ್ತಾ? ಬಾಯಿಮಾತಿಗೆ ಮಕ್ಕಳು ತಲೆಯಾಡಿಸ್ತಾರೆ, ಅಷ್ಟೆ.

ದೊಡ್ಡಪ್ಪ: ಆಗುತ್ತೆ. ಒಂದು ಟೇಬಲ್ ಫ್ಯಾನು, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಕೋನಮಾಪಕ, ಒಂದಷ್ಟು ಜ್ಯೂಸ್ ಕುಡಿಯೋ ಸ್ಟ್ರಾ. ಫ್ಯಾನಿನ ಗಾಳಿ ಸುತ್ತಿಕೊಂಡು ಬರುತ್ತೆ, ಅದನ್ನ ನೇರ ಮಾಡಬೇಕು. ಸ್ಟ್ರಾಗಳನ್ನ ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿ ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿ ಫ್ಯಾನಿನ ಮುಂದಿಡು. ತಕ್ಕಡಿಯ ಮೇಲೆ ಒಂದು ಮರದ ತುಂಡು, ಅದಕ್ಕೆ ಚುಚ್ಚಿದ ದಪ್ಪ ತಂತಿ, ತಂತಿಯ ಮೇಲ್ತುದಿಗೆ ಒಂದು ಗೇಣಿನ ಫೋಮ್ ರೆಕ್ಕೆ. ತಕ್ಕಡಿಗೇ ಗಾಳಿ ಬಡಿಯದ ಹಾಗೆ ಮುಂದೆ ರಟ್ಟು ಅಡ್ಡ ಇಡಬೇಕು. ಸೊನ್ನೆಗೆ ತಂದು ಫ್ಯಾನ್ ಹಾಕು. ರೆಕ್ಕೆಯನ್ನ ಐದು ಡಿಗ್ರಿ ಎತ್ತಿದ್ರೆ ತಕ್ಕಡಿ ಸೊನ್ನೆಗಿಂತ ಕೆಳಗೆ ಮೈನಸ್ ಎರಡೋ ಮೂರೋ ಗ್ರಾಂ ತೋರಿಸುತ್ತೆ. ಗಾಳಿ ಅಷ್ಟು ಭಾರ ಎತ್ತಿತು ಅಂತ ಅರ್ಥ. ಕೋನ ಹೆಚ್ಚಿಸ್ತಾ ಹೋಗು, ಓದಿದ್ದನ್ನ ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿಸು. ಹತ್ತು ಹನ್ನೆರಡು ಡಿಗ್ರಿ ಆಸುಪಾಸಿನಲ್ಲಿ ಗೆರೆ ಏರೋದನ್ನ ನಿಲ್ಲಿಸುತ್ತೆ. ಮೈದಾನದಲ್ಲಿ ಗ್ಲೈಡರ್ ಗಾಳಿಯಲ್ಲಿ ನಿಂತ ಹಾಗಾಗಿ ಬಿತ್ತಲ್ಲ, ಅದು ಇದೇ ಜಾಗ. ಫ್ಯಾನನ್ನ ಅತಿ ಸಣ್ಣಗೆ ಇಟ್ಟು ಒಂದು ಊದುಬತ್ತಿ ಹಿಡಿದ್ರೆ ಹೊಗೆ ರೆಕ್ಕೆಯ ಬೆನ್ನು ಬಿಟ್ಟು ಚದುರೋದೂ ಕಾಣುತ್ತೆ.

ಟೀಚರ್: ತಕ್ಕಡೀಲಿ ಸ್ಟಾಲ್! ಇದು ನಮ್ಮ ಪಾಠದ ಕೊಠಡಿಯಲ್ಲೇ ಆಗುತ್ತೆ.

ದೊಡ್ಡಪ್ಪ: ರೈಟ್ ಸೋದರರು ಮಾಡಿದ್ದೂ ಇದನ್ನೇ. 1901ರಲ್ಲಿ ಅವರ ಗ್ಲೈಡರ್ ಲೆಕ್ಕಕ್ಕೆ ತಕ್ಕಷ್ಟು ಎತ್ತಲಿಲ್ಲ. ಆಗ ಎಲ್ಲರೂ ನಂಬಿದ್ದ ಕೋಷ್ಟಕಗಳನ್ನೇ ಅವರು ಅನುಮಾನಿಸಿದರು. ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ ಒಂದು ತುದಿಗೆ ಫ್ಯಾನ್ ಇಟ್ಟರು. ಒಳಗೆ ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದಲೇ ಮಾಡಿದ ತಕ್ಕಡಿ. ಇನ್ನೂರರಷ್ಟು ಪುಟ್ಟ ರೆಕ್ಕೆಗಳನ್ನ ಅದರಲ್ಲಿ ತೂಗಿದರು. ಎರಡು ವರ್ಷ ಆದ ಮೇಲೆ, 1903ರ ಡಿಸೆಂಬರ್ 17ರಂದು, 12 ಸೆಕೆಂಡು ಹಾರಿದರು. ಅವರ ಫ್ಲೈಯರ್ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿದೆ. ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಬಾ. ಆದರೆ ತಕ್ಕಡಿ ಪ್ರಯೋಗ ಆದ ಮೇಲೆ ಬಾ. ಆಗ ಅವರಿಗೆ ಅದರಲ್ಲಿ ಏನು ನೋಡಬೇಕು ಅಂತ ಗೊತ್ತಿರುತ್ತೆ.

ಟೀಚರ್: ಗಣಿತದ ಮೇಷ್ಟ್ರನ್ನೂ ಇದರೊಳಗೆ ಸೇರಿಸಿಕೊಳ್ಳಬೇಕು ಅಂತಿದೆ.

ದೊಡ್ಡಪ್ಪ: ಸೇರಿಸಿಕೋ, ಅವರಿಗೆ ಕೈತುಂಬ ಕೆಲಸ ಇದೆ. ನಿನ್ನ ಗ್ಲೈಡರಿನ ತೂಕ 20 ಗ್ರಾಂ, ರೆಕ್ಕೆ 320 ಚದರ ಸೆಂಟಿಮೀಟರ್ ಅಂತಿಟ್ಟುಕೋ. ಅದು ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಹೋದ್ರೆ ತನ್ನ ಭಾರ ತಾನು ಹೊರುತ್ತೆ. ಸನ್‌ಪ್ಯಾಕಿನಲ್ಲಿ ಕಟ್ಟಿ 40 ಗ್ರಾಂ ಆಯ್ತು ಅಂದ್ರೆ ವೇಗ ಎರಡರಷ್ಟಾಗಬೇಕಿಲ್ಲ, 1.4ರಷ್ಟಾದ್ರೆ ಸಾಕು. ಯಾಕೆ? ಎತ್ತೋ ಬಲ ವೇಗದ ವರ್ಗದ ಜೊತೆ ಏರುತ್ತೆ. ಎರಡರ ವರ್ಗಮೂಲ ಯಾಕೆ ಕಲೀಬೇಕು ಅಂತ ಮತ್ತೆ ಯಾವ ಹುಡುಗನೂ ಕೇಳಲ್ಲ. ಇನ್ನೂ ಒಂದು ಲೆಕ್ಕ. ತುಮಕೂರು ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಮಂಗಳೂರಿನ ಕಡಲತಡಿಗೆ ಹೋಲಿಸಿದ್ರೆ ಗಾಳಿ ಶೇಕಡಾ ಏಳೆಂಟರಷ್ಟು ತೆಳು. ಅಲ್ಲಿ ಸರಿಯಾಗಿ ಹಾರಿದ ಗ್ಲೈಡರೇ ಇಲ್ಲಿ ಸುಮಾರು ಶೇಕಡಾ 4 ಹೆಚ್ಚು ವೇಗದಲ್ಲಿ ಹೋಗಬೇಕು. ದೊಡ್ಡ ವಿಮಾನಕ್ಕೆ ಎತ್ತರದ ಊರಿನಲ್ಲಿ ಉದ್ದ ರನ್‌ವೇ ಬೇಕಾಗೋದಕ್ಕೆ ಇದೂ ಒಂದು ಕಾರಣ.

ಟೀಚರ್: ಇಷ್ಟೆಲ್ಲ ಆದ ಮೇಲೂ ಇದು ಫೋಮು, ಬಿದಿರು. ನಿಜವಾದ ವಿಮಾನದ ಕೆಲಸ ಅಂತ ಮಕ್ಕಳಿಗೆ ಅನಿಸಬೇಕಲ್ಲ. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳು ನಿಜವಾಗಿ ಹಾರೋ ವಿಮಾನಾನೇ ಕಟ್ತಾರೆ ಅಂತ ಓದಿದೆ.

ದೊಡ್ಡಪ್ಪ: ಕಟ್ತಾರೆ. ಆರ್‌ವಿ-12 ಅಂತ ಇಬ್ಬರು ಕೂರೋ ಪುಟ್ಟ ವಿಮಾನ. ಭಾಗಗಳೆಲ್ಲ ಪೆಟ್ಟಿಗೆಯಲ್ಲಿ ಬರುತ್ತೆ, ತಗಡಿನಲ್ಲಿ ತೂತು ಮೊದಲೇ ಕೊರೆದಿರುತ್ತೆ. ಹೆಚ್ಚಿನ ಕಡೆ ಪಾಪ್ ರಿವೆಟ್, ಅಂದ್ರೆ ಒಂದೇ ಕಡೆಯಿಂದ ಹೊಡೆಯಬಹುದು. ನಿವೃತ್ತ ಎಂಜಿನಿಯರುಗಳು, ಪೈಲಟ್ಟುಗಳು ಪಕ್ಕದಲ್ಲಿ ನಿಂತು ಕಲಿಸ್ತಾರೆ. ಮನೆಯಲ್ಲಿ ವಿಮಾನ ಕಟ್ಟುವವರ ದೊಡ್ಡ ಸಂಘ ಅಲ್ಲಿ 1953ರಿಂದ ಇದೆ, ಅದು 1992ರಲ್ಲಿ ಎಂಟರಿಂದ ಹದಿನೇಳು ವರ್ಷದ ಮಕ್ಕಳಿಗೆ ಉಚಿತವಾಗಿ ಒಂದು ಹಾರಾಟ ಮಾಡಿಸೋ ಕಾರ್ಯಕ್ರಮ ಶುರು ಮಾಡಿತು. ಆ ಪರಂಪರೆ ನಮ್ಮಲ್ಲಿಲ್ಲ. ನೀನು ಇಡೀ ವಿಮಾನಕ್ಕೆ ಕೈಹಾಕೋದು ಬೇಡ. ಹತ್ತನೇ ಕ್ಲಾಸಿನವರ ಕೈಯಲ್ಲಿ ರೆಕ್ಕೆಯ ಒಂದು ತುಂಡು ಕಟ್ಟಿಸು, ಸಾಕು. ಒಂದೂವರೆ ಅಡಿ ಅಗಲ, ಎರಡು ಪಕ್ಕೆಲುಬು, ಮೇಲೆ ಅಲ್ಯುಮಿನಿಯಂ ತಗಡಿನ ಹೊದಿಕೆ. ಕೈಯಲ್ಲಿ ಒತ್ತೋ ರಿವೆಟರ್ ಗುಬ್ಬಿಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ.

ಟೀಚರ್: ತಗಡಿಗೆ ತಗಡು ಸೇರಿಸೋದರಲ್ಲಿ ಕಲಿಯೋಕೆ ಅಷ್ಟೇನಿದೆ?

ದೊಡ್ಡಪ್ಪ: ಒಂದೇ ಒಂದು ತೂತಿನ ಬಗ್ಗೆ ಹೇಳ್ತೀನಿ ಕೇಳು. ರಿವೆಟ್ಟಿನ ದಪ್ಪ 3.2 ಮಿಲಿಮೀಟರ್. ತೂತಿನ ನಡು ತಗಡಿನ ಅಂಚಿನಿಂದ ಅದರ ಎರಡರಷ್ಟಾದ್ರೂ ದೂರ ಇರಬೇಕು, ಅಂದ್ರೆ 6.4. ಅದಕ್ಕಿಂತ ಹತ್ತಿರ ಬಂದ್ರೆ ಭಾರ ಬಿದ್ದಾಗ ಅಂಚು ಹರಿಯುತ್ತೆ. ಕೊರೆದ ಮೇಲೆ ತೂತಿನ ಬಾಯಿ ಸುತ್ತ ಬೆರಳಾಡಿಸಿದ್ರೆ ಚೂಪಾಗಿ ತಗಲುತ್ತೆ. ಅದನ್ನ ತೆಗೀಬೇಕು. ದಪ್ಪ ಡ್ರಿಲ್ ಬಿಟ್ಟನ್ನ ಮೆಷಿನ್ನಿಗೆ ಹಾಕದೆ ಬರಿಗೈಯಲ್ಲೇ ತೂತಿನ ಮೇಲಿಟ್ಟು ಎರಡು ಸುತ್ತು ಹಗುರಾಗಿ ತಿರುಗಿಸೋದು. ಹೆಚ್ಚು ತಿರುಗಿಸಿದ್ರೆ ತೂತು ಹಳ್ಳವಾಗಿ ಕೆಟ್ಟಿತು. ತಗಡಿನ ಎರಡೂ ಮೈಗೆ, ಪ್ರತಿ ತೂತಿಗೂ ಇದನ್ನ ಮಾಡಬೇಕು. ಇಷ್ಟೊಂದು ತೂತು ಯಾರು ನೋಡ್ತಾರೆ ಅಂತ ಮಕ್ಕಳಿಗೆ ಅನಿಸುತ್ತೆ. ಆಗ ಕಾಮೆಟ್ ವಿಮಾನದ ಕತೆ ಹೇಳು.

ಟೀಚರ್: ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಅದಲ್ವಾ?

ದೊಡ್ಡಪ್ಪ: ಅದೇ. 1954ರ ಜನವರಿಯಲ್ಲಿ ಒಂದು, ಏಪ್ರಿಲ್‌ನಲ್ಲಿ ಇನ್ನೊಂದು, ಎರಡೂ ಇಟಲಿ ಬಳಿಯ ಸಮುದ್ರದ ಮೇಲೆ ಆಕಾಶದಲ್ಲೇ ಒಡೆದುಹೋದವು. ಒಬ್ಬರೂ ಉಳಿಯಲಿಲ್ಲ. ಬ್ರಿಟನ್ನಿನವರು ಒಂದು ಕಾಮೆಟ್ಟಿನ ಇಡೀ ಒಡಲನ್ನ ನೀರಿನ ತೊಟ್ಟಿಯೊಳಗೆ ಇಟ್ಟು, ಹಾರಾಟದಲ್ಲಿ ಆಗೋ ಹಾಗೆ ಒಳಗಿನ ಒತ್ತಡ ಏರಿಸಿ ಇಳಿಸಿ ಮಾಡಿದರು, ಒಡಲು ಸೀಳೋವರೆಗೂ. ಲೋಹ ದಣಿದಿತ್ತು. ಕಿಂಡಿಗಳ ಮೂಲೆಯಲ್ಲಿ ಒತ್ತಡ ಜಮಾಯಿಸಿ, ಅಲ್ಲಿನ ಸಣ್ಣ ತೂತುಗಳ ಅಂಚಿನಿಂದ ಬಿರುಕು ಹೊರಟಿತ್ತು. ಇವತ್ತು ವಿಮಾನದ ಕಿಟಕಿ ಮೂಲೆ ದುಂಡಗಿರೋದನ್ನ ಮಕ್ಕಳು ಚಿತ್ರದಲ್ಲಿ ನೋಡಿರ್ತಾರೆ. ಈ ಕತೆ ಕೇಳಿದ ಮೇಲೆ ಪ್ರತಿ ತೂತಿಗೂ ಬೆರಳಾಡಿಸಿ ನೋಡೋ ಅಭ್ಯಾಸ ತಾನಾಗೇ ಬರುತ್ತೆ.

ಟೀಚರ್: ಕಟ್ಟಿದ ರೆಕ್ಕೆ ಎಷ್ಟು ಗಟ್ಟಿ ಅಂತ ತಿಳಿಯೋದು ಹೇಗೆ?

ದೊಡ್ಡಪ್ಪ: ಮುರಿದು ನೋಡಿ. ಫೋಮಿನ ಗ್ಲೈಡರಿನಲ್ಲೇ ಮಾಡಬಹುದು. ಸಾಮಾನ್ಯ ವರ್ಗದ ಸಣ್ಣ ವಿಮಾನದ ರೆಕ್ಕೆ ತನ್ನ ವಿಮಾನದ ಭಾರದ 3.8 ಪಟ್ಟು ತಾಳಬೇಕು, ಅದರ ಮೇಲೆ ಒಂದೂವರೆಯ ಸುರಕ್ಷತಾ ಅಂಶ ಸೇರಿಸ್ತಾರೆ. ಗುಣಿಸಿದ್ರೆ 5.7. ನಿನ್ನ 20 ಗ್ರಾಂ ಗ್ಲೈಡರಿಗೆ 114 ಗ್ರಾಂ ಆಯ್ತು. ರೆಕ್ಕೆಯನ್ನ ಬೋರಲಾಗಿ ನಡುವೆ ಮಾತ್ರ ಆಸರೆ ಕೊಟ್ಟು ಇಡು. ಮರಳಿನ ಪುಟ್ಟ ಪೊಟ್ಟಣಗಳನ್ನ ಉದ್ದಕ್ಕೂ ಹಂಚಿ ಹಾಕ್ತಾ ಹೋಗು. 114 ಗ್ರಾಂ ಹೊತ್ತುಕೊಂಡ್ರೆ ಪಾಸು. ಆಮೇಲೂ ನಿಲ್ಲಿಸಬೇಡ, ಮುರಿಯೋವರೆಗೆ ಹೇರು. ಎಲ್ಲಿ ಮುರಿಯುತ್ತೆ ಅಂತ ಮೊದಲೇ ಪ್ರತಿಯೊಬ್ಬರೂ ಬರೆದುಕೊಡಬೇಕು. ಮರುವಾರ ಒಂದು ತೆಂಗಿನ ಕಡ್ಡಿಯನ್ನ ರೆಕ್ಕೆಯ ಉದ್ದಕ್ಕೂ ಅಂಟಿಸಿ ಮತ್ತೆ ಹೇರಿಸು. ರೆಕ್ಕೆಯೊಳಗಿನ ತೊಲೆ ಯಾಕೆ ಬೇಕು ಅಂತ ಆ ಮಕ್ಕಳಿಗೆ ಜೀವಮಾನ ಮರೆಯಲ್ಲ.

ಟೀಚರ್: ನನಗೆ ಭಯ ಇರೋದು ಬ್ಲೇಡು, ಡ್ರಿಲ್ಲು ಇದರ ಬಗ್ಗೆ. ಒಬ್ಬರ ಕೈ ಕುಯ್ದರೆ ತರಗತಿ ಅವತ್ತೇ ನಿಂತುಹೋಗುತ್ತೆ.

ದೊಡ್ಡಪ್ಪ: ಭಯ ಇರಲಿ. ಕೊರೆಯುವಾಗ ಕನ್ನಡಕ ಕಡ್ಡಾಯ, ಒಂದು ಡ್ರಿಲ್ಲಿಗೆ ಒಬ್ಬ ದೊಡ್ಡವರು. ಅದಕ್ಕಿಂತ ಮುಖ್ಯವಾದದ್ದು ಹ್ಯಾಂಗರಿನಲ್ಲಿ ಒಂದಿದೆ. ಗೋಡೆ ಮೇಲೆ ಹಲಗೆ, ಪ್ರತಿ ಉಪಕರಣದ ಆಕಾರ ಅದರ ಮೇಲೆ ಬಣ್ಣದಲ್ಲಿ ಬರೆದಿರ್ತಾರೆ. ತೆಗೆದುಕೊಂಡು ಹೋದವರು ಆ ಜಾಗದಲ್ಲಿ ತಮ್ಮ ಬಿಲ್ಲೆ ತಗಲಿಹಾಕಬೇಕು. ಪಾಳಿ ಮುಗಿದಾಗ ಒಂದು ಸ್ಕ್ರೂಡ್ರೈವರ್ ಜಾಗ ಖಾಲಿ ಇದ್ರೂ ಅದು ಸಿಗೋವರೆಗೆ ವಿಮಾನ ಹೊರಗೆ ಹೋಗಲ್ಲ. ಒಳಗೆಲ್ಲೋ ಉಳಿದು ಕಂಟ್ರೋಲಿನ ತಂತಿಗೆ ಸಿಕ್ಕಿಕೊಂಡ್ರೆ ಪೈಲಟ್ಟಿನ ಜೀವಕ್ಕೇ ಕುತ್ತು. ನಿನ್ನ ಕೊಠಡಿಯಲ್ಲೂ ಅಂಥ ಹಲಗೆ ಮಾಡು. ಎಂಟನೇ ಕ್ಲಾಸಿನ ಒಬ್ಬ ಹುಡುಗನೋ ಹುಡುಗಿಯೋ ಆ ದಿನದ ಉಸ್ತುವಾರಿ. ಎಲ್ಲ ಬ್ಲೇಡು, ಕತ್ತರಿ ಹಲಗೆಗೆ ಬಂದು ಕೂತ ಮೇಲೆ ಅವರು ಪುಸ್ತಕಕ್ಕೆ ಸಹಿ ಹಾಕಬೇಕು, ಆಮೇಲೆ ಬಾಗಿಲು ತೆಗೆಯೋದು. ಹೆಡ್‌ಮಾಸ್ಟರ್ ಬಂದು ಅವಸರ ಮಾಡಿದ್ರೂ ಅಷ್ಟೆ.

ಟೀಚರ್: ಮಕ್ಕಳು ಹಾಕೋ ಸಹಿಗೆ ಅಷ್ಟು ಬೆಲೆ ಕೊಡಬೇಕಾ?

ದೊಡ್ಡಪ್ಪ: ಕೊಡಲೇಬೇಕು. ನನ್ನ ಪ್ರಕಾರ ಈ ಇಡೀ ತರಗತಿಯಲ್ಲಿ ಕಲಿಸಬೇಕಾದ್ದು ಇದೇ, ಉಳಿದದ್ದೆಲ್ಲ ಇದಕ್ಕೆ ದಾರಿ. ವಿಮಾನದ ಕೆಲಸದಲ್ಲಿ ಮಾಡಿದವನೇ ತನ್ನ ಕೆಲಸ ಸರಿ ಇದೆ ಅಂತ ಹೇಳೋ ಹಾಗಿಲ್ಲ. ಇನ್ನೊಬ್ಬ ನೋಡಬೇಕು, ಅಳೀಬೇಕು, ತನ್ನ ಮುದ್ರೆ ಒತ್ತಬೇಕು. ಮುದ್ರೆಗೆ ನಂಬರ್ ಇರುತ್ತೆ. ವರ್ಷಗಳಾದ ಮೇಲೆ ಆ ಭಾಗದಲ್ಲಿ ಏನಾದ್ರೂ ಆದ್ರೆ ಆ ನಂಬರ್ ಯಾರದ್ದು ಅಂತ ತೆಗೀತಾರೆ. ನಿನ್ನ ತರಗತಿಯಲ್ಲೂ ಒಬ್ಬರು ಕಟ್ಟಿದ್ದನ್ನ ಇನ್ನೊಬ್ಬರು ಪರೀಕ್ಷೆ ಮಾಡಲಿ. ಸ್ನೇಹಿತ ಅಂತ ಕಣ್ಣುಮುಚ್ಚಿ ಪಾಸು ಮಾಡೋ ಹಾಗಿಲ್ಲ, ಮುನಿಸು ಅಂತ ತಿರಸ್ಕರಿಸೋ ಹಾಗಿಲ್ಲ. ಅಳತೆ ಬರೆದು ತೋರಿಸಬೇಕು. ಕಟ್ಟಿದ ಮಗುವೂ, ಇದು ನನ್ನ ಕೈಯಿಂದ ಕೆಟ್ಟಿತು, ಬದಲಾಯಿಸಬೇಕು ಅಂತ ತಾನೇ ಬಂದು ಹೇಳಿದ್ರೆ ಬೈಬಾರದು. ಶಿಕ್ಷೆಯ ಹೆದರಿಕೆ ಇರೋ ಕಡೆ ಬಿರುಕನ್ನ ಬಣ್ಣ ಬಳಿದು ಮುಚ್ಚಿಬಿಡ್ತಾರೆ. ಹದಿನಾಲ್ಕನೇ ವಯಸ್ಸಿನಲ್ಲಿ ಈ ಅಭ್ಯಾಸ ಮೈಗೂಡಿದ್ರೆ ಆ ಮಗು ಮುಂದೆ ಡಾಕ್ಟರ್ ಆಗಲಿ, ಸೇತುವೆ ಕಟ್ಟಲಿ, ನಾನು ಅದರ ಕೆಲಸ ನಂಬ್ತೀನಿ.

ಟೀಚರ್: ಪಾಲಕರು ಕೇಳೋದು ಬೇರೆ ಪ್ರಶ್ನೆ. ಇದರಿಂದ ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಮಾರ್ಕ್ಸ್ ಬರುತ್ತೆ? ಹೆಣ್ಣುಮಕ್ಕಳಿಗೆ ಶನಿವಾರ ಸಂಜೆವರೆಗೂ ಇದೆಲ್ಲ ಯಾಕೆ?

ದೊಡ್ಡಪ್ಪ: ಮಾರ್ಕ್ಸ್ ಬರುತ್ತೆ ಅಂತ ಸುಳ್ಳು ಹೇಳಬೇಡ. ಮುಂದಿನ ದಾರಿಗಳನ್ನ ಹೇಳು. ಎಂಜಿನಿಯರಿಂಗ್ ಒಂದೇ ಅಲ್ಲ. ಐಟಿಐ ಮಾಡಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ವಿಮಾನ ನಿರ್ವಹಣೆಯ ಲೈಸೆನ್ಸಿಗೆ ಓದಬಹುದು. ಬೆಳಗಾವಿಯಲ್ಲಿ ಏರ್‌ಬಸ್ ವಿಮಾನಕ್ಕೆ ಬಿಡಿಭಾಗ ತಯಾರಿಸ್ತಾರೆ. ನಿಮ್ಮೂರ ಪಕ್ಕದಲ್ಲೇ ಹೆಲಿಕಾಪ್ಟರ್ ಕಾರ್ಖಾನೆ ಇದೆ. ಅಲ್ಲಿ ಬೇಕಾಗೋದು ಬರೀ ಪದವಿ ಅಲ್ಲ, ಪಳಗಿದ ಕೈ. ಹೆಣ್ಣುಮಕ್ಕಳ ವಿಷಯಕ್ಕೆ ತಾಯಂದಿರನ್ನೇ ಒಂದು ಶನಿವಾರ ಕರೆದು ಕೂರಿಸು. ಮಗಳ ಕೈಯಲ್ಲಿ ರಿವೆಟರ್ ನೋಡಿದ ತಾಯಿ ಮನೆಗೆ ಹೋಗಿ ಮಾತಾಡೋದೇ ಬೇರೆ. ಹೊತ್ತು ಮುಳುಗೋ ಮೊದಲೇ ಬಿಟ್ಟು, ಊರಿನ ಮಕ್ಕಳನ್ನ ಜೊತೆ ಮಾಡಿ ಕಳಿಸೋದು ನಿನ್ನ ಹೊಣೆ.

ಟೀಚರ್: ಹತ್ತಿರದಲ್ಲಿ ಎನ್‌ಸಿಸಿ ವಾಯುದಳದ ಘಟಕ ಇದ್ರೆ ಏರೋಮಾಡೆಲಿಂಗ್ ಕಲಿಸ್ತಾರಲ್ಲ, ಅವರನ್ನೂ ಕೇಳ್ತೀನಿ. ಆದರೆ ವಾರ ವಾರ ಬಂದು ಕೈ ಹಿಡಿದು ಕಲಿಸೋವರು ಯಾರು? ನನಗೆ ಪಾಠ ಗೊತ್ತು, ಕೆಲಸ ಗೊತ್ತಿಲ್ಲ.

ದೊಡ್ಡಪ್ಪ: ಮೊದಲ ತಿಂಗಳು ನಾನು ಬರ್ತೀನಿ. ಆದರೆ ನನ್ನೊಬ್ಬನನ್ನೇ ನಂಬ್ಕೊಬೇಡ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. 1942ರಲ್ಲಿ ಅಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನ ಎಂಜಿನಿಯರಿಂಗ್ ವಿಭಾಗ ಹುಟ್ಟಿತು, ಅದನ್ನ ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿದರು. 1951ರಲ್ಲಿ ಅದು ಹಾರಿತು. ಅಲ್ಲಿಂದ ಇಲ್ಲಿವರೆಗೆ ಎಷ್ಟು ತಲೆಮಾರು ಈ ಕೆಲಸದಲ್ಲಿ ಕೈ ಪಳಗಿಸಿಕೊಂಡಿದೆ ಯೋಚನೆ ಮಾಡು. ಫಿಟ್ಟರುಗಳು, ಶೀಟ್‌ಮೆಟಲ್ ಕೆಲಸದವರು, ಇನ್‌ಸ್ಪೆಕ್ಟರುಗಳು, ವಾಯುಪಡೆಯಿಂದ ನಿವೃತ್ತರಾದ ತಂತ್ರಜ್ಞರು. ತುಂಬಾ ಜನ ನಿವೃತ್ತಿ ಆದ ಮೇಲೆ ತಮ್ಮ ತಮ್ಮ ಊರು ಸೇರಿಕೊಂಡಿದಾರೆ. ಗುಬ್ಬಿ, ತುರುವೇಕೆರೆ, ತಿಪಟೂರಿನಲ್ಲಿ ಹುಡುಕಿದ್ರೆ ಸಿಗ್ತಾರೆ. ಹಾಲಿನ ಡೇರಿ, ಪಂಚಾಯಿತಿ ಕಚೇರಿ, ಬಸ್ ಸ್ಟ್ಯಾಂಡು, ಈ ಮೂರು ಕಡೆ ಒಂದು ಚೀಟಿ ಅಂಟಿಸು.

ಟೀಚರ್: ಏನಂತ ಬರೀಲಿ?

ದೊಡ್ಡಪ್ಪ: ಹೀಗೆ ಬರಿ: ವಿಮಾನ ಅಥವಾ ಹೆಲಿಕಾಪ್ಟರ್ ತಯಾರಿಕೆ, ರಿಪೇರಿಯ ಕೆಲಸ ಮಾಡಿ ನಿವೃತ್ತರಾದವರು ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಂಡು ನಮ್ಮ ಪ್ರೌಢಶಾಲೆಗೆ ಬನ್ನಿ. ಮಕ್ಕಳಿಗೆ ನಿಮ್ಮ ಕೆಲಸ ಕಲಿಯುವ ಆಸೆಯಿದೆ. ನಿಮ್ಮ ಸ್ಟೀಲ್ ಸ್ಕೇಲು, ಓದುವ ಕನ್ನಡಕ ಜೊತೆಗಿರಲಿ.